ಲೈಬ್ರರಿಗೆ ಅಧ್ಯಕ್ಷರ ಹೆಸರು, ಮೈಕ್ ಯಾರ ಕೈಗೆ?

ದೊಡ್ಡ ಲೀಡರ್ ಒಬ್ಬರ ಹೆಸರಲ್ಲಿ ಕಟ್ಟಡ ಕಟ್ಟೋದು ಅಂಥ ಕಷ್ಟದ ಕೆಲಸ ಅಲ್ಲ, ಜಾಗ ದುಡ್ಡು ಎರಡೂ ಇದ್ರೆ ಆಗುತ್ತೆ. ನಾನು ನೋಡೋದು ಬೇರೆ. ಆ ಕಟ್ಟಡದ ಒಳಗೆ ಯಾರನ್ನ ಕರೆದು ಮಾತಾಡಿಸ್ತಾರೆ, ಆ ಲೀಡರ್ ಮಾಡಿದ್ದು ತಪ್ಪು ಅನ್ನೋರಿಗೂ ಮೈಕ್ ಕೊಡ್ತಾರಾ, ಕೇಳೋಕೆ ಬಂದಿರೋ ನಮ್ಮಂಥವರು ಎದ್ದು ನಿಂತು ಒಂದು ಪ್ರಶ್ನೆ ಕೇಳಬಹುದಾ, ಇಷ್ಟು. ಈ ವಿಷಯದಲ್ಲಿ ಅಮೆರಿಕದ ಪ್ರೆಸಿಡೆನ್ಶಿಯಲ್ ಲೈಬ್ರರಿಗಳ ಕಾರ್ಯಕ್ರಮಗಳನ್ನ ನೋಡ್ತಾ ನೋಡ್ತಾ ನಂಗೆ ನಮ್ಮ ಬೆಂಗಳೂರಿನ ಬಗ್ಗೆನೇ ಒಂದು ಆಸೆ ಹುಟ್ಕೊಂಡಿದೆ, ಅದನ್ನ ಬರೀಬೇಕು ಅಂತ ತುಂಬ ದಿನದಿಂದ ಅಂದ್ಕೊಂಡಿದ್ದೆ.

ಮೊದಲು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಅಲ್ಲಿ ಅಧ್ಯಕ್ಷರು ಅಧಿಕಾರದಿಂದ ಇಳಿದ ಮೇಲೆ ಅವರ ಕಾಲದ ಕಾಗದ ಪತ್ರ, ಫೋಟೋ, ಟೇಪು, ಉಡುಗೊರೆ ಎಲ್ಲ ಒಂದು ಕಡೆ ಇಟ್ಟು, ಪಕ್ಕದಲ್ಲೇ ಒಂದು ಮ್ಯೂಸಿಯಂ ಮಾಡ್ತಾರೆ. ಇದನ್ನ ಶುರು ಮಾಡಿದ್ದು ಫ್ರಾಂಕ್ಲಿನ್ ರೂಸ್‌ವೆಲ್ಟ್, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ ತಮ್ಮ ಮನೆತನದ ಜಮೀನಲ್ಲೇ ಜಾಗ ಕೊಟ್ಟು, ಜನರ ದೇಣಿಗೆ ಹಣದಲ್ಲಿ ಕಟ್ಟಿಸಿ, ಸರ್ಕಾರದ ಕೈಗೆ ಒಪ್ಪಿಸಿದ್ರು, 1941ರಲ್ಲಿ ಅದು ಜನರಿಗೆ ತೆರೀತು. ಆಮೇಲೆ 1955ರಲ್ಲಿ ಅದಕ್ಕೊಂದು ಕಾನೂನು ಬಂತು, ವಿರೋಧ ಪಕ್ಷದ ಆಫೀಸಿಗೆ ತಮ್ಮ ಕಡೆಯವರು ನುಗ್ಗಿದ್ದನ್ನ ಮುಚ್ಚಿಹಾಕೋಕೆ ಹೋಗಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟ ವಾಟರ್‌ಗೇಟ್ ಗಲಾಟೆ ಆದ ಮೇಲೆ 1978ರಲ್ಲಿ ಇನ್ನೊಂದು ಕಾನೂನು, ಅಧ್ಯಕ್ಷರ ಕೆಲಸದ ಕಾಗದ ಅಧ್ಯಕ್ಷರ ಸ್ವಂತ ಆಸ್ತಿ ಅಲ್ಲ, ದೇಶದ ಜನರದ್ದು ಅಂತ. ಅದು ರೇಗನ್ ಕಾಲದಿಂದ ಜಾರಿ. ಕಾಗದ ನೋಡ್ಕೊಳ್ಳೋದು ನ್ಯಾಷನಲ್ ಆರ್ಕೈವ್ಸ್ ಅನ್ನೋ ಸರ್ಕಾರಿ ಸಂಸ್ಥೆ, ಆದ್ರೆ ಜೊತೆಗೆ ಒಂದು ಖಾಸಗಿ ಫೌಂಡೇಶನ್ ಇರುತ್ತೆ, ಉಪನ್ಯಾಸ, ಪುಸ್ತಕ ಬಿಡುಗಡೆ, ಚರ್ಚೆ ಇವಕ್ಕೆಲ್ಲ ದುಡ್ಡು ಬಹಳಷ್ಟು ಸಲ ಬರೋದು ಅಲ್ಲಿಂದ. ಈ ಎರಡರ ಮಧ್ಯೆ ಎಳೆದಾಟ ಇದ್ದೇ ಇರುತ್ತೆ, ಸರ್ಕಾರಿ ಆರ್ಕೈವಿಸ್ಟ್‌ಗೆ ಇತಿಹಾಸ ಬೇಕು, ಫೌಂಡೇಶನ್‌ನವರಿಗೆ ತಮ್ಮ ಅಧ್ಯಕ್ಷರ ಮರ್ಯಾದೆ ಉಳೀಬೇಕು. ಸ್ಟೇಜ್ ಮೇಲೆ ಯಾರು ಬರ್ತಾರೆ ಅನ್ನೋದು ಈ ಎಳೆದಾಟದಲ್ಲೇ ತೀರ್ಮಾನ ಆಗೋದು.

ನಾನು ಕಣ್ಣಾರೆ ನೋಡಿರೋದು ಒಂದೇ ಲೈಬ್ರರಿ, ಟೆಕ್ಸಸ್‌ನ ಆಸ್ಟಿನ್‌ನಲ್ಲಿರೋ, 1963ರಿಂದ 1969ರವರೆಗೆ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರದ್ದು, ನಮ್ಮ ಚಿಕ್ಕಪ್ಪನ ಮಗ ಅಲ್ಲಿ ಕೆಲಸದಲ್ಲಿದ್ದಾಗ ಹೋಗಿದ್ದೆ. ಒಳಗೆ ಹೋಗಿ ಮೆಟ್ಟಿಲ ಹತ್ರ ನಿಂತು ಮೇಲೆ ನೋಡಿದ್ರೆ ಗಾಜಿನ ಹಿಂದೆ ನಾಲ್ಕು ಮಹಡಿ ಉದ್ದಕ್ಕೂ ಕೆಂಪು ಬಾಕ್ಸ್‌ಗಳು, ಒಂದೊಂದರ ಮೇಲೂ ಚಿನ್ನದ ಬಣ್ಣದ ಮುದ್ರೆ. ಅದರೊಳಗೆ ಇರೋದೆಲ್ಲ ಕಾಗದ, ಕೋಟಿಗಟ್ಟಲೆ ಪುಟ. ಮ್ಯೂಸಿಯಂನಲ್ಲಿ ಟೆಲಿಫೋನ್ ಎತ್ತಿ ಕಿವಿಗಿಟ್ಕೊಂಡ್ರೆ ಜಾನ್ಸನ್ ಯಾರ ಜೊತೆಗೋ ಮಾತಾಡ್ತಿರೋ ನಿಜವಾದ ರೆಕಾರ್ಡಿಂಗ್ ಕೇಳಿಸುತ್ತೆ, ಒಬ್ಬರನ್ನ ಪುಸಲಾಯಿಸ್ತಾರೆ, ಇನ್ನೊಬ್ಬರನ್ನ ಗದರಿಸ್ತಾರೆ. ನಾನಂತೂ ಆ ಫೋನ್ ಇಡೋಕೆ ಮನಸ್ಸೇ ಬರದೆ ನಿಂತಿದ್ದೆ, ಹಿಂದೆ ಕ್ಯೂನಲ್ಲಿ ಸ್ಕೂಲ್ ಮಕ್ಕಳು ಕಾಯ್ತಿದ್ರು.

ವಾಪಸ್ ಬಂದ ಮೇಲೆ ಆ ಲೈಬ್ರರಿಯಲ್ಲಿ ನಡೆದ ಕಾರ್ಯಕ್ರಮಗಳ ಬಗ್ಗೆ ಹುಡುಕ್ತಾ ಹೋದಾಗ ಸಿಕ್ಕಿದ್ದು 1972ರ ಡಿಸೆಂಬರ್‌ನ ಕತೆ. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಒಂದು ಲೈಬ್ರರಿ ಕಾರ್ಯಕ್ರಮ ಎಷ್ಟು ದೊಡ್ಡದಾಗಬಹುದು ಅನ್ನೋದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. ಜಾನ್ಸನ್ ಕಾಲದಲ್ಲಿ ಕರಿಯರ ನಾಗರಿಕ ಹಕ್ಕುಗಳ ಬಗ್ಗೆ ಆದ ಕಡತಗಳನ್ನ ಸಂಶೋಧಕರಿಗೆ ತೆರೆದು ಕೊಡೋ ಸಂದರ್ಭ ಅದು. ಸುಮ್ನೆ ರಿಬ್ಬನ್ ಕತ್ತರಿಸಿ ಮುಗಿಸಲಿಲ್ಲ, ಎರಡು ದಿನದ ವಿಚಾರ ಸಂಕಿರಣ ಇಟ್ರು. ಬಂದ ಅತಿಥಿಗಳು ಯಾರ್ಯಾರು ನೋಡಿ, ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿ ಆಗಿದ್ದ ಅರ್ಲ್ ವಾರೆನ್, ಉಪಾಧ್ಯಕ್ಷರಾಗಿದ್ದ ಹ್ಯೂಬರ್ಟ್ ಹಂಫ್ರಿ, ಚಳವಳಿಯ ಹಿರಿಯ ರಾಯ್ ವಿಲ್ಕಿನ್ಸ್, ಆಗಷ್ಟೇ ಅಮೆರಿಕದ ಸಂಸತ್ತಿಗೆ ಗೆದ್ದಿದ್ದ ಬಾರ್ಬರಾ ಜೋರ್ಡನ್, ವಿಯೆಟ್ನಾಂ ಯುದ್ಧದ ವಿಷಯದಲ್ಲಿ ಜಾನ್ಸನ್‌ರನ್ನ ಖಡಾಖಂಡಿತವಾಗಿ ವಿರೋಧಿಸಿದ್ದ ಯುವಕ ಜೂಲಿಯನ್ ಬಾಂಡ್. ಆಸ್ಟಿನ್‌ನಲ್ಲಿ ಆವತ್ತು ಹಿಮದ ಬಿರುಗಾಳಿ, ವಿಮಾನ ಇಳಿಯೋಕಾಗದೆ ಬಸ್ಸಲ್ಲಿ ಬಂದ್ರು ಕೆಲವರು.

ಜಾನ್ಸನ್‌ಗೆ ಹೃದಯದ ಕಾಯಿಲೆ ಜೋರಾಗಿತ್ತು, ಹೋಗಬೇಡಿ ಅಂತ ಡಾಕ್ಟರ್ ಹೇಳಿದ್ರು. ಆದ್ರೂ ಆ ಹಿಮದಲ್ಲಿ ತಮ್ಮ ರಾಂಚ್‌ನಿಂದ ಬಂದ್ರು. ಭಾಷಣದ ಮಧ್ಯೆ ಸ್ಟೇಜ್ ಮೇಲೇ ಜೇಬಿಂದ ಎದೆನೋವಿನ ಮಾತ್ರೆ ತೆಗೆದು ಬಾಯಿಗೆ ಹಾಕ್ಕೊಂಡ್ರು. ಅಷ್ಟು ಕಾನೂನು ಮಾಡಿದ ಮನುಷ್ಯ, 1964ರ ನಾಗರಿಕ ಹಕ್ಕು ಕಾಯ್ದೆ, 1965ರ ಮತದಾನದ ಹಕ್ಕು ಕಾಯ್ದೆ, ಇವೆಲ್ಲ ಅವರ ಸಹಿಯಿಂದ ಬಂದದ್ದು, ಆದ್ರೂ ಆವತ್ತು ಅವರು ಹೇಳಿದ್ದು ಏನಪ್ಪ ಅಂದ್ರೆ ನಂಗೆ ಸಿಕ್ಕ ವರ್ಷಗಳಲ್ಲಿ ಇನ್ನೂ ಹೆಚ್ಚು ಮಾಡೋಕಾಗಲಿಲ್ಲವಲ್ಲ ಅಂತ ನಾಚಿಕೆ ಆಗುತ್ತೆ ಅಂತ. ತಮ್ಮದೇ ಹೆಸರಿನ ಕಟ್ಟಡದಲ್ಲಿ, ತಮ್ಮ ಕಾಗದಗಳ ಪಕ್ಕದಲ್ಲಿ ನಿಂತು. ಅವರ ಭಾಷಣ ಮುಗಿದ ಮೇಲೆ ಒಂದಿಬ್ಬರು ಎದ್ದು ನಮಗೂ ಮಾತಾಡೋಕೆ ಅವಕಾಶ ಕೊಡಿ, ಈಗಿನ ನಿಕ್ಸನ್ ಸರ್ಕಾರದ ಬಗ್ಗೆ ಹೇಳೋದಿದೆ ಅಂತ ಪಟ್ಟು ಹಿಡಿದಾಗ ಸಭೆ ಗಲಿಬಿಲಿ ಆಯ್ತು, ಆಗ ಜಾನ್ಸನ್ ಮತ್ತೆ ಮೈಕ್ ಹತ್ರ ಬಂದು, ಕೂತು ಮಾತಾಡೋಣ, ಅಧಿಕಾರದಲ್ಲಿರೋರ ಹತ್ರ ಹೋಗಿ ಹೀಗೆ ಕೇಳಿ ಹಾಗೆ ಕೇಳಿ ಅಂತ ಹಳೇ ಅನುಭವದಿಂದ ಬುದ್ಧಿಮಾತು ಹೇಳಿದ್ರು. ಅದಾಗಿ ಆರು ವಾರಕ್ಕೆ, 1973ರ ಜನವರಿ 22ಕ್ಕೆ ತೀರ್ಕೊಂಡ್ರು, ವಯಸ್ಸು 64. ಆ ಭಾಷಣದ ಫಿಲಂ ಉಳಿದಿದೆ. ಮುಖದಲ್ಲಿ ಸುಸ್ತು ಎದ್ದು ಕಾಣುತ್ತೆ, ಕೂದಲು ಉದ್ದ ಬಿಟ್ಟಿದ್ರು. ನಂಗೆ ಪ್ರತಿ ಸಲ ನೋಡಿದಾಗಲೂ ಗಂಟಲು ಕಟ್ಟುತ್ತೆ.

ಅದೇ ಜಾಗದಲ್ಲಿ 2014ರ ಏಪ್ರಿಲ್‌ನಲ್ಲಿ, 1964ರ ನಾಗರಿಕ ಹಕ್ಕು ಕಾಯ್ದೆಗೆ 50 ವರ್ಷ ಆಯ್ತು ಅಂತ ಮತ್ತೊಂದು ಸಮಾವೇಶ ಮಾಡಿದ್ರು, ಕಾರ್ಟರ್, ಕ್ಲಿಂಟನ್, ಜಾರ್ಜ್ ಡಬ್ಲ್ಯು ಬುಶ್, ಒಬಾಮಾ, ನಾಲ್ಕು ಜನ ಅಧ್ಯಕ್ಷರು ಬಂದು ಮಾತಾಡಿದ್ರು. ದೊಡ್ಡ ಕಾರ್ಯಕ್ರಮವೇ. ಆದ್ರೂ ನನ್ನ ಮನಸ್ಸಲ್ಲಿ ನಿಂತಿರೋದು 1972ರದ್ದು.

ಈಗ ನಿಕ್ಸನ್ ಲೈಬ್ರರಿ ಕತೆಗೆ ಬರ್ತೀನಿ. ಕ್ಯಾಲಿಫೋರ್ನಿಯಾದ ಯೋರ್ಬಾ ಲಿಂಡಾದಲ್ಲಿ 1990ರಲ್ಲಿ ಶುರುವಾದಾಗ ಅದು ಪೂರ್ತಿ ಖಾಸಗಿ, ಅಭಿಮಾನಿಗಳು ನಡೆಸ್ತಿದ್ದದ್ದು. ವಾಟರ್‌ಗೇಟ್ ಬಗ್ಗೆ ಅಲ್ಲಿದ್ದ ಪ್ರದರ್ಶನ ನೋಡಿದ್ರೆ ಅದೆಲ್ಲ ನಿಕ್ಸನ್ ವಿರೋಧಿಗಳು ಸೇರಿ ಮಾಡಿದ ಪಿತೂರಿ ಅನ್ನೋ ಥರ ಇತ್ತಂತೆ. 2007ರಲ್ಲಿ ಸರ್ಕಾರಿ ವ್ಯವಸ್ಥೆಗೆ ಸೇರಿದಾಗ ಟಿಮತಿ ನಫ್ತಾಲಿ ಅನ್ನೋ ಇತಿಹಾಸಕಾರರು ಡೈರೆಕ್ಟರ್ ಆಗಿ ಬಂದ್ರು, ಆ ಹಳೇ ಪ್ರದರ್ಶನ ತೆಗೆಸಿಹಾಕಿದ್ರು. 2009ರ ಜೂನ್‌ನಲ್ಲಿ ಅವರು ಭಾಷಣಕ್ಕೆ ಕರೆದದ್ದು ಯಾರನ್ನ ಗೊತ್ತಾ, ಜಾನ್ ಡೀನ್‌ರನ್ನ! ನಿಕ್ಸನ್‌ರ ವೈಟ್‌ಹೌಸ್ ವಕೀಲರಾಗಿದ್ದು, 1973ರಲ್ಲಿ ಸೆನೆಟ್ ಸಮಿತಿ ಮುಂದೆ ಕೂತು ಎಲ್ಲ ಬಿಚ್ಚಿ ಹೇಳಿದವರು. ಅಭಿಮಾನಿಗಳ ಕಣ್ಣಲ್ಲಿ ಉಂಡ ಮನೆಗೆ ಎರಡು ಬಗೆದವರು. ಫೌಂಡೇಶನ್‌ನವರು ಕೆಂಡಾಮಂಡಲ ಆದ್ರು. ಆದ್ರೂ ಭಾಷಣ ನಡೀತು. 2011ರ ಮಾರ್ಚ್‌ನಲ್ಲಿ ಹೊಸ ವಾಟರ್‌ಗೇಟ್ ಗ್ಯಾಲರಿ ತೆರೆದಾಗಲೂ ಹಾಗೇ, ಅದಕ್ಕೂ ಮುಂಚೆ ಉದ್ದುದ್ದ ಆಕ್ಷೇಪಣೆ, ತಡ, ಕೊನೆಗೆ ಬಂತು. ನಿಕ್ಸನ್ ತಮ್ಮ ಆಫೀಸಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಿಸಿದ್ದ ಮಾತುಕತೆಯ ಟೇಪ್‌ಗಳನ್ನ ಜನ ತಾವೇ ಕೇಳಿ ತೀರ್ಮಾನಕ್ಕೆ ಬರೋ ಹಾಗೆ ಇಟ್ಟಿದ್ದಾರೆ. ಒಟ್ಟು ಸುಮಾರು 3,700 ಗಂಟೆ ಟೇಪ್ ಇದೆ ನಿಕ್ಸನ್ ಕಾಲದ್ದು, ಅದರ ಮುಂದೆ ಯಾವ ಅಭಿಮಾನಿ ಏನು ವಾದ ಮಾಡಿದ್ರೂ ಟೇಪ್ ಟೇಪೇ.

ನಫ್ತಾಲಿ ಮಾಡಿದ್ದು ಬರೀ ಧೈರ್ಯ ಅಂತ ನಾನು ಹೇಳಲ್ಲ, ಅದು ಅವರ ಕೆಲಸದ ಧರ್ಮ. ಒಬ್ಬರ ಹೆಸರಿನ ಸಂಸ್ಥೆಯಲ್ಲಿ ಕೂತು ಆ ಹೆಸರಿಗೆ ನೋವಾಗೋ ಸತ್ಯವನ್ನೂ ಹೇಳೋರಿಗೆ ಕುರ್ಚಿ ಹಾಕೋದು ಆ ಲೀಡರ್‌ಗೆ ಮಾಡೋ ಅವಮಾನ ಅಲ್ಲವೇ ಅಲ್ಲ, ಅವರನ್ನ ನಿಜವಾದ ಮನುಷ್ಯ ಅಂತ ಗೌರವಿಸೋದು ಅಂತ ನಂಗೆ ಅನ್ಸುತ್ತೆ.

ಬೇರೆಯವೂ ಇವೆ. ರೇಗನ್ ಲೈಬ್ರರಿಯಲ್ಲಿ ಅಧ್ಯಕ್ಷರ ಹಳೇ ವಿಮಾನವನ್ನೇ ಒಳಗೆ ನಿಲ್ಲಿಸಿದ್ದಾರೆ, ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಗಳ ಡಿಬೇಟ್ ಹಲವು ಸಲ ಅಲ್ಲೇ ಆಗಿದೆ, ಟಿವಿಗೆ ಚೆನ್ನಾಗಿರುತ್ತೆ, ನಂಗೆ ಅಷ್ಟೇನೂ ರುಚಿಸಲ್ಲ. ಬೋಸ್ಟನ್‌ನ ಕೆನಡಿ ಲೈಬ್ರರಿಯವರ ಫೋರಂ ಕಾರ್ಯಕ್ರಮಗಳು ನಂಗೆ ತುಂಬ ಇಷ್ಟ, ಸಮುದ್ರದ ದಡದಲ್ಲಿ ಐ. ಎಂ. ಪೇ ಡಿಸೈನ್ ಮಾಡಿದ ಕಟ್ಟಡ, ಇತಿಹಾಸಕಾರರು, ಪತ್ರಕರ್ತರು, ಹಳೇ ಅಧಿಕಾರಿಗಳು ಬಂದು ಕೂತು ಮಾತಾಡ್ತಾರೆ, ಕೊನೆಯಲ್ಲಿ ಜನರ ಪ್ರಶ್ನೆ. ಅಲ್ಲಿ ಸಂಜೆ 6 ಗಂಟೆ ಅಂದ್ರೆ ನಮಗೆ ಬೇಸಿಗೆಯಲ್ಲಿ ಬೆಳಗಿನ ಜಾವ 3.30, ಚಳಿಗಾಲದಲ್ಲಿ 4.30, ಹಾಗಾಗಿ ಲೈವ್ ನೋಡೋದು ಕಷ್ಟ, ನಾನು ರೆಕಾರ್ಡಿಂಗ್ ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತೀನಿ, ವೈಟ್‌ಫೀಲ್ಡ್‌ನಿಂದ ಮನೆಗೆ ಬರೋ ಹೊತ್ತಿಗೆ ಒಂದು ಉಪನ್ಯಾಸ ಆರಾಮಾಗಿ ಮುಗಿಯುತ್ತೆ. ಇನ್ನು ಟ್ರೂಮನ್ ವಿಷಯ ಹೇಳದೆ ಮುಂದೆ ಹೋಗೋಕಾಗಲ್ಲ. ಮಿಸ್ಸೂರಿಯ ಇಂಡಿಪೆಂಡೆನ್ಸ್ ಊರಲ್ಲಿ 1957ರಲ್ಲಿ ಅವರ ಲೈಬ್ರರಿ ಶುರುವಾದ ಮೇಲೆ ಅಲ್ಲೇ ಒಂದು ಆಫೀಸ್ ಇಟ್ಕೊಂಡು ವರ್ಷಗಟ್ಟಲೆ ಬಂದು ಕೂರ್ತಿದ್ರು, ಸ್ಕೂಲ್ ಮಕ್ಕಳ ಗುಂಪು ಬಂದ್ರೆ ಆಡಿಟೋರಿಯಂಗೆ ಹೋಗಿ ಮಕ್ಕಳ ಪ್ರಶ್ನೆಗೆ ಉತ್ತರ ಕೊಡ್ತಿದ್ರು. ಒಬ್ಬ ಮಾಜಿ ಅಧ್ಯಕ್ಷ, ಆರನೇ ಕ್ಲಾಸ್ ಏಳನೇ ಕ್ಲಾಸ್ ಮಕ್ಕಳ ಎದುರು. ನಮ್ಮ ಕಲಾಂ ಅವರು ಎಲ್ಲೇ ಹೋದ್ರೂ ಮಕ್ಕಳ ಜೊತೆ ಮಾತಾಡ್ತಿದ್ದದ್ದು ನೆನಪಾಗುತ್ತೆ ಅಲ್ವಾ.

ಸರಿ, ಬೆಂಗಳೂರಿಗೆ ಬರೋಣ. ನಮ್ಮೂರಲ್ಲಿ ಕೇಳೋ ಜನಕ್ಕೇನೂ ಬರ ಇಲ್ಲ. ಬಸವನಗುಡಿ ಬಿ. ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆ, ನರಸಿಂಹರಾಜ ಕಾಲೊನಿಯಲ್ಲಿ ಡಿವಿಜಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಎರಡೂ ಶುರುವಾಗಿದ್ದು 1945ರಲ್ಲಿ, ಸ್ವಾತಂತ್ರ್ಯ ಬರೋಕೂ ಮುಂಚೆ. ಪ್ರಜೆ ಆಗೋದು ಅಂದ್ರೆ ವೋಟ್ ಹಾಕೋದಷ್ಟೇ ಅಲ್ಲ, ವಿಷಯ ತಿಳ್ಕೊಂಡು ಚರ್ಚೆ ಮಾಡೋಕೂ ಬರಬೇಕು ಅಂತ ಡಿವಿಜಿ ಆಗಲೇ ಅಂದ್ಕೊಂಡಿದ್ರು, 1970ರಲ್ಲಿ ಸನ್ಮಾನ ಮಾಡಿ ಕೊಟ್ಟ ನಿಧಿಯನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ರು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ಗೆ ವೀಕೆಂಡ್ ಹೋಗಿ ನೋಡಿ, ಫ್ರೀ ಎಂಟ್ರಿ, ಹಾಲ್ ತುಂಬಿ ಕೆಲವು ಸಲ ಮೆಟ್ಟಿಲ ಮೇಲೆ ಕೂತಿರ್ತಾರೆ. ಜಿಕೆವಿಕೆ ಕ್ಯಾಂಪಸ್‌ನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ 2019ರಲ್ಲಿ ವಿಜ್ಞಾನಿಗಳ ಕಾಗದ ಪತ್ರಗಳಿಗೆ ಒಂದು ಆರ್ಕೈವ್ ಮಾಡಿದ್ದಾರೆ, ಅದರ ಜೊತೆಗೇ ಸಾರ್ವಜನಿಕ ಉಪನ್ಯಾಸ ಮಾಲೆಯೂ ಇದೆ, ಅಂದ್ರೆ ಕಾಗದ ಮತ್ತು ಮಾತು ಎರಡನ್ನೂ ಒಟ್ಟಿಗೆ ಇಡೋದು ಹೇಗೆ ಅಂತ ನಮ್ಮೂರಿನವರಿಗೆ ಚೆನ್ನಾಗೇ ಗೊತ್ತು. ವಿಜ್ಞಾನಕ್ಕೆ ಆಗಿರೋದು ರಾಜಕೀಯಕ್ಕೆ ಯಾಕಾಗಬಾರದು?

ಯಾಕಂದ್ರೆ ರಾಜಕೀಯದವರ ವಿಷಯಕ್ಕೆ ಬಂದ ತಕ್ಷಣ ನಮ್ಮ ಕಾರ್ಯಕ್ರಮದ ಸ್ವರೂಪವೇ ಬದಲಾಗುತ್ತೆ. ಜಯಂತಿ, ಹಾರ, ಪೇಟ, ಶಾಲು, ಹಣ್ಣಿನ ಬುಟ್ಟಿ, ಗಣ್ಯರ ಹೆಸರು ಓದೋದು, ಅಷ್ಟರಲ್ಲಿ ಒಂದು ಗಂಟೆ. ಭಾಷಣ ಮಾಡೋರೆಲ್ಲ ಒಂದೇ ಕಡೆಯವರು. ಪ್ರಶ್ನೆಗೆ ಟೈಮ್ ಇಲ್ಲ, ವಂದನಾರ್ಪಣೆ, ನಾಡಗೀತೆ, ಮನೆಗೆ. ಹಾರ ಹಾಕಬಾರದು ಅಂತಲ್ಲ, ಪ್ರೀತಿಯಿಂದ ಹಾಕ್ಲಿ. ಆದ್ರೆ ಆ ಮನುಷ್ಯ ಏನು ನಿರ್ಧಾರ ತಗೊಂಡ್ರು, ಯಾಕೆ ತಗೊಂಡ್ರು, ಯಾರು ಬೇಡ ಅಂದ್ರು, ಇದರಲ್ಲಿ ಒಂದಾದ್ರೂ ಗೊತ್ತಾಗದೆ ವಾಪಸ್ ಬರೋದು ನಂಗೆ ತುಂಬ ಬೇಜಾರು.

ದೆಹಲಿಯ ತೀನ್ ಮೂರ್ತಿಯಲ್ಲಿ ನೆಹರೂ ಸ್ಮಾರಕ ಲೈಬ್ರರಿ ಇತ್ತು, 2022ರ ಏಪ್ರಿಲ್ 14ಕ್ಕೆ ಅಲ್ಲೇ ಪ್ರಧಾನಮಂತ್ರಿಗಳ ಸಂಗ್ರಹಾಲಯ ಶುರುವಾಯ್ತು, ನಮ್ಮ ದೇವೇಗೌಡರ ಬಗ್ಗೆನೂ ಅಲ್ಲಿದೆ. ಒಳ್ಳೇದು. ಆದ್ರೆ ದೆಹಲಿ ದೂರ. ಕಾಗದ ಎಲ್ಲಿರುತ್ತೋ ಅಲ್ಲಿಗೇ ಸಂಶೋಧಕರು, ಅತಿಥಿಗಳು, ಪ್ರಶ್ನೆ ಕೇಳೋ ಮಕ್ಕಳು ಬರೋದು, ಅದಕ್ಕೇ ಅಮೆರಿಕದವರು ವಾಷಿಂಗ್ಟನ್‌ನಲ್ಲಿ ಎಲ್ಲ ಗುಡ್ಡೆ ಹಾಕದೆ ಅಬಿಲೀನ್, ವೆಸ್ಟ್ ಬ್ರಾಂಚ್ ಅಂಥ ಪುಟ್ಟ ಊರುಗಳಿಗೂ ಹಂಚಿದ್ದು.

ನಮಗೆ ವಿಷಯ ಇಲ್ವಾ? ಒಂದು ಎಳೆ ಮಾತ್ರ ಹೇಳ್ತೀನಿ ಕೇಳಿ. 1969ರ ಜುಲೈ, ಲಾಲ್‌ಬಾಗ್ ಗ್ಲಾಸ್‌ಹೌಸ್‌ನಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು, ಇಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಇಂದಿರಾ ಗಾಂಧಿ ಬರೋಕೂ ಮುಂಚೆ ಆರ್ಥಿಕ ನೀತಿ ಬಗ್ಗೆ ಅವರ ಟಿಪ್ಪಣಿಯನ್ನ ಇಲ್ಲಿ ಮಂಡಿಸಿದ್ದು ಫಕ್ರುದ್ದೀನ್ ಅಲಿ ಅಹ್ಮದ್. ರಾಷ್ಟ್ರಪತಿ ಅಭ್ಯರ್ಥಿ ಯಾರಾಗಬೇಕು ಅಂತ ಪಕ್ಷದ ಪಾರ್ಲಿಮೆಂಟರಿ ಬೋರ್ಡ್ ಬೆಂಗಳೂರಲ್ಲೇ ಕೂತು, ಇಂದಿರಾ ಗಾಂಧಿ ಬೇಡ ಅಂದ್ರೂ ಬಹುಮತದಿಂದ ನೀಲಂ ಸಂಜೀವ ರೆಡ್ಡಿ ಹೆಸರು ಆರಿಸಿತು. ಅದಾಗಿ ವಾರದಲ್ಲೇ 14 ಬ್ಯಾಂಕ್ ರಾಷ್ಟ್ರೀಕರಣ, ಆಗಸ್ಟ್‌ನಲ್ಲಿ ರೆಡ್ಡಿಯವರು ಸೋತು ಇಂದಿರಾ ಬೆಂಬಲಿಸಿದ ವಿ. ವಿ. ಗಿರಿ ಗೆದ್ರು, ವರ್ಷ ಮುಗಿಯೋದ್ರೊಳಗೆ ಪಕ್ಷ ಎರಡು ಹೋಳು. ಇದೆಲ್ಲದರ ಮೊದಲ ಬಿರುಕು ಬಿದ್ದಿದ್ದು ನಾವು ಈಗ ಫ್ಲವರ್ ಶೋ ನೋಡೋಕೆ ಹೋಗೋ ಜಾಗದಲ್ಲಿ.

ಮುಂದೆ ಕೇಳಿ. ಆ ಟಿಪ್ಪಣಿ ಮಂಡಿಸಿದ ಅಹ್ಮದ್ 1974ರಲ್ಲಿ ರಾಷ್ಟ್ರಪತಿ ಆದ್ರು, ಎಮರ್ಜೆನ್ಸಿ ಘೋಷಣೆಗೆ ಸಹಿ ಹಾಕಿದ್ರು, 1977ರ ಫೆಬ್ರವರಿ 11ಕ್ಕೆ ಅಧಿಕಾರದಲ್ಲಿದ್ದಾಗಲೇ ತೀರ್ಕೊಂಡ್ರು. ಆಗ ಹಂಗಾಮಿ ರಾಷ್ಟ್ರಪತಿ ಆಗಿದ್ದು ಉಪರಾಷ್ಟ್ರಪತಿಯಾಗಿದ್ದ ನಮ್ಮ ಬಿ. ಡಿ. ಜತ್ತಿ, ಜಮಖಂಡಿ ಹತ್ರದ ಸಾವಳಗಿಯವರು, ಮೈಸೂರು ರಾಜ್ಯದ ಮುಖ್ಯಮಂತ್ರಿ ಆಗಿದ್ದವರು, ಬೆಂಗಳೂರಲ್ಲಿ ಬಸವ ಸಮಿತಿ ಕಟ್ಟಿದವರು. ಚುನಾವಣೆ ಆಗಿ ಎಮರ್ಜೆನ್ಸಿ ಮುಗಿದು ಜನತಾ ಸರ್ಕಾರ ಬಂತು. ಅದು ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆ ಮಾಡಿ ಅಂತ ಕಡತ ಕಳಿಸಿದಾಗ ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ, ತಡೆದ್ರು, ದೇಶವೆಲ್ಲ ಇವರ ಕಡೆ ನೋಡ್ತು, ಆಮೇಲೆ ಏಪ್ರಿಲ್ 30ಕ್ಕೆ ಹಾಕಿದ್ರು. ಸರಿಯಾ ತಪ್ಪಾ, ವಾದ ಮಾಡೋಕೆ ಎರಡೂ ಕಡೆ ಸಾಕಷ್ಟಿದೆ. ಜುಲೈನಲ್ಲಿ ಅವರ ನಂತರ ರಾಷ್ಟ್ರಪತಿ ಆದವರು ಯಾರು, ಅದೇ ಸಂಜೀವ ರೆಡ್ಡಿ, 1969ರಲ್ಲಿ ಬೆಂಗಳೂರಲ್ಲಿ ಆರಿಸಿದ ಅದೇ ಹೆಸರು. ಅವರು 1996ರಲ್ಲಿ ಬೆಂಗಳೂರಲ್ಲೇ ತೀರ್ಕೊಂಡ್ರು, ಸಮಾಧಿ ಇಲ್ಲೇ ಕಲ್ಪಳ್ಳಿ ಸ್ಮಶಾನದಲ್ಲಿದೆ. ಭಾರತದ ರಾಷ್ಟ್ರಪತಿ ಒಬ್ಬರ ಸಮಾಧಿ ನಮ್ಮೂರಲ್ಲಿದೆ ಅಂತ ನನ್ನ ಆಫೀಸಲ್ಲಿ ಹೇಳಿದ್ರೆ ಯಾರೂ ನಂಬಲಿಲ್ಲ.

ನನ್ನ ಆಸೆ ಇಷ್ಟೇ, ದೊಡ್ಡ ಕಟ್ಟಡ ಬೇಡ, ಮೂರ್ತಿ ಬೇಡ, ಈ ಒಂದು ಎಳೆಗೆ ಒಂದು ಸಂಜೆ ಇಡಿ. ನಿಜಲಿಂಗಪ್ಪನವರು ಡೈರಿ ಬರೀತಿದ್ರು, ಆ ವರ್ಷದ ಪುಟಗಳ ಕಾಪಿ ಒಂದು ಮೇಜಿನ ಮೇಲೆ, ಆವತ್ತಿನ ಕನ್ನಡ ಪೇಪರ್‌ಗಳು ಇನ್ನೊಂದರ ಮೇಲೆ, ಬಂದವರು ಮೊದಲು ಅರ್ಧ ಗಂಟೆ ಅದನ್ನ ಓದ್ಲಿ. ಆಮೇಲೆ ನಿಜಲಿಂಗಪ್ಪನವರ ಕಡೆ ವಾದ ಮಾಡೋ ಒಬ್ಬರು, ಇಂದಿರಾ ಮಾಡಿದ್ದೇ ಸರಿ ಅನ್ನೋ ಒಬ್ಬರು, ರಾಜಕೀಯ ಗೊತ್ತಿರೋ ಇತಿಹಾಸದ ಮೇಷ್ಟ್ರು ಒಬ್ಬರು ನಡೆಸಿಕೊಡ್ಲಿ. ಆವತ್ತು ಗ್ಲಾಸ್‌ಹೌಸ್‌ನಲ್ಲಿ ವಾಲಂಟಿಯರ್ ಆಗಿದ್ದ, ರಿಪೋರ್ಟ್ ಮಾಡಿದ್ದ, ಊಟ ಬಡಿಸಿದ್ದ ಹಿರಿಯರು ಇನ್ನೂ ಇದ್ದಾರೆ, ಅವರಿಗೆ ಮುಂದಿನ ಸಾಲು, ಬೇಕಾದ್ರೆ ಮೈಕ್ ಅವರ ಹತ್ರಾನೇ ತಗೊಂಡು ಹೋಗ್ಲಿ. ಒಂದು ಗಂಟೆ ಪೂರ್ತಿ ಪ್ರಶ್ನೆಗೆ, ಅದರಲ್ಲೂ ಮೊದಲ ಐದು ಪ್ರಶ್ನೆ ಕಾಲೇಜ್ ಮಕ್ಕಳದ್ದು. ಎಲ್ಲ ಕನ್ನಡದಲ್ಲಿ. ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಿದ್ರೆ ಜಮಖಂಡಿಯಲ್ಲಿ ಕೂತವರೂ ನೋಡ್ತಾರೆ. ಇದಾದ್ರೆ ಮುಂದಿನದು ಜತ್ತಿಯವರ ಏಪ್ರಿಲ್ ಬಗ್ಗೆ, ಸಹಿ ಹಾಕದೆ ಇದ್ದ ಆ ಹೊತ್ತಲ್ಲಿ ಯಾರ ಹತ್ರ ಮಾತಾಡಿದ್ರು, ಏನು ಓದಿದ್ರು, ಮನಸ್ಸಲ್ಲಿ ಏನಿತ್ತು ಅಂತ ಕೇಳೋ ಮೊದಲ ಪ್ರಶ್ನೆ ನನ್ನದು.

ಇದಕ್ಕೆ ಬೇಕಾಗಿರೋ ಕಾಗದ ಅರ್ಧ ಸರ್ಕಾರದ ಹತ್ರ ಇರೋಲ್ಲ, ಮನೆಗಳಲ್ಲಿರುತ್ತೆ. ಚಾಮರಾಜಪೇಟೆ, ಮಲ್ಲೇಶ್ವರ, ಜಯನಗರದ ಹಳೇ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗ್ತಿವೆ, ಅಟ್ಟದ ಮೇಲಿನ ಟ್ರಂಕ್‌ಗಳು ನೇರ ಗುಜರಿಗೆ ಹೋಗ್ತಿವೆ. ನಿಮ್ಮ ತಾತ ವಿಧಾನಸೌಧದಲ್ಲಿ ಕೆಲಸ ಮಾಡಿದ್ರಾ, ಪ್ರೆಸ್‌ನಲ್ಲಿದ್ರಾ, ಪಕ್ಷದ ಕಾರ್ಯಕರ್ತರಾಗಿದ್ರಾ, ಹಾಗಾದ್ರೆ ಆ ಟ್ರಂಕ್ ಒಂದು ಸಲ ತೆಗೆದು ನೋಡಿ. ಅಧಿವೇಶನದ ಪಾಸ್, ಕರಪತ್ರ, ಪತ್ರ, ಗುಂಪು ಫೋಟೋ ಏನೇ ಸಿಕ್ಕಿದ್ರೂ ಫೋನಲ್ಲಿ ಎರಡೂ ಬದಿ ಫೋಟೋ ತೆಗೀರಿ, ಫೋಟೋದಲ್ಲಿರೋರು ಯಾರು, ಯಾವ ವರ್ಷ, ಯಾವ ಊರು ಅಂತ ಮನೆ ಹಿರಿಯರನ್ನ ಕೇಳಿ ಪೆನ್ಸಿಲ್‌ನಲ್ಲಿ ಹಿಂದೆ ಬರೆದಿಡಿ, ಪೆನ್ ಬೇಡ, ಇಂಕ್ ಹರಡುತ್ತೆ. ಸ್ಟೇಪಲ್ ಪಿನ್, ರಬ್ಬರ್ ಬ್ಯಾಂಡ್ ತೆಗೆದು ಒಣಗಿರೋ ಜಾಗದಲ್ಲಿ ಒಂದು ಕವರ್‌ನಲ್ಲಿ ಹಾಕಿಡಿ. 1969ರ ಲಾಲ್‌ಬಾಗ್ ಅಧಿವೇಶನದ್ದು ಏನಾದ್ರೂ ಸಿಕ್ಕಿದ್ರೆ ನಂಗೆ ಹೇಳಿ, ಯಾವ ಭಾನುವಾರ ಆದ್ರೂ ಸರಿ, ನೋಡೋಕೆ ಬರ್ತೀನಿ.